ಹಾಡುವ ತಟ್ಟೆ, ತಿರುಗುವ ಯಂತ್ರ

(ಅಂತಿಮ ಬಿ.ಎ. ವಿದ್ಯಾರ್ಥಿ)

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಿದೆ. ಅದರೊಳಗೆ ೪೩ ಹಾಡಿನ ತಟ್ಟೆಗಳಿವೆ. ನಮ್ಮ ಅಜ್ಜ ಒಂದು ಕಾಲಕ್ಕೆ ಸುತ್ತಿನ ಹತ್ತು ಹಳ್ಳಿಗಳಿಗೆ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದವರು. ಮದುವೆಯಿರಲಿ, ಜಾತ್ರೆಯಿರಲಿ, ತೆಂಗಿನ ಮರಕ್ಕೆ ಕಹಳೆಯಂಥ ಲೌಡ್‌ಸ್ಪೀಕರು ಕಟ್ಟಿ, ಕೆಳಗೆ ಬೆಂಚಿನ ಮೇಲೆ ಯಂತ್ರವನ್ನಿಟ್ಟು ತಟ್ಟೆ ಹಾಕುವುದು ಅವರ ಕಸುಬು. ಕ್ಯಾಸೆಟ್ಟು ಬಂದ ಮೇಲೆ ಆ ಯಂತ್ರವನ್ನು ಕೇಳುವವರಿಲ್ಲದಾಯಿತು. ಮಳೆಯಿಲ್ಲದ ಒಂದು ವರ್ಷ ಅಜ್ಜ ಅದನ್ನು ಮಾರಿ ಬಿತ್ತನೆಯ ಬೀಜ ತಂದರು. ತಟ್ಟೆಗಳನ್ನು ಮಾತ್ರ ಮಾರಲಿಲ್ಲ, ಕೊಳ್ಳುವವರೂ ಇರಲಿಲ್ಲವೆನ್ನಿ.

ಈಗ ಅಜ್ಜನಿಗೆ ೭೮ ವರ್ಷ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಕಳೆದ ವರ್ಷ ಒಂದು ಸಂಜೆ, "ಅವನ್ನೊಮ್ಮೆ ಕೇಳಬೇಕಿತ್ತಪ್ಪ" ಎಂದರು. ನಾನು ಕೂಡಲೆ ಮೊಬೈಲಿನಲ್ಲಿ ಅದೇ ಹಾಡನ್ನು ಹುಡುಕಿ ಕೇಳಿಸಿದೆ. ಪೂರ್ತಿ ಕೇಳಿ, "ಹಾಡು ಇದೇ, ನನ್ನ ತಟ್ಟೆ ಇದಲ್ಲ. ಅದರಲ್ಲಿ ಎರಡನೆಯ ಚರಣದ ಹತ್ತಿರ ಟಕ್ ಟಕ್ ಎನ್ನುತ್ತದೆ. ನಿಮ್ಮಪ್ಪ ಅಂಬೆಗಾಲಿಡುವಾಗ ಗೀರಿದ್ದು" ಎಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಹಳೆಯದೊಂದು ಟರ್ನ್‌ಟೇಬಲನ್ನು ಕೊಳ್ಳಲು ಹೊರಟೆ. ಹೊರಟು ಮೊದಲು ಕೆಟ್ಟೆ, ಆಮೇಲೆ ಕಲಿತೆ. ಹಾಗೆ ಕಲಿತುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ತಟ್ಟೆಯ ಪೂರ್ವವೃತ್ತಾಂತವನ್ನು ಸ್ವಲ್ಪ ತಿಳಿಯೋಣ. ಅಮೆರಿಕದ ಎಡಿಸನ್ ೧೮೭೭ರಲ್ಲಿ ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು ರಚಿಸಿದನು. ಅವನದು ಉರುಳೆಯ ಆಕಾರದ್ದು. ಅದನ್ನು ಚಪ್ಪಟೆಯ ತಟ್ಟೆಯಾಗಿಸಿ, ಒಂದು ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತುವ ಮಾರ್ಗವನ್ನು ತೋರಿಸಿದವನು ಎಮಿಲ್ ಬರ್ಲಿನರ್. ಅವನ ಗ್ರಾಮಫೋನು ೧೮೮೭ರದು. ೧೯೦೨ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಜ್ಞನು ಕಲಕತ್ತೆಗೆ ಬಂದು ನಮ್ಮ ದೇಶದ ಗಾಯಕರ ಧ್ವನಿಯನ್ನು ಮುದ್ರಿಸಿಕೊಂಡನು. ಅವರಲ್ಲಿ ಅಗ್ರಗಣ್ಯಳಾದವಳು ಗೌಹರ್ ಜಾನ್. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ತಟ್ಟೆಗಳು ಆಗ ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗುತ್ತಿದ್ದವು. ಯಾರ ಹಾಡೆಂಬುದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು. ಈ ಗಾಯಕಿ ತನ್ನ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳೆಂಬುದು ನಮ್ಮವರಲ್ಲಿ ಬಹುಮಂದಿಗೆ ತಿಳಿಯದು. ನಮ್ಮ ಗಂಗೂಬಾಯಿ ಹಾನಗಲ್ ಅವರ ಮೊದಮೊದಲಿನ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದುದೂ ಈ ತಟ್ಟೆಗಳ ಕಾಲದ ಕಥೆಯೇ.

ಹಳೆಯ ತಟ್ಟೆಗಳೆಲ್ಲ ಒಂದೇ ಜಾತಿಯವಲ್ಲ. ನಿಮಿಷಕ್ಕೆ ೭೮ ಸುತ್ತು ತಿರುಗುವ ತಟ್ಟೆ ಅರಗಿನಿಂದ ಮಾಡಿದ್ದು. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣದೊಡನೆ ಹಚ್ಚುವುದೂ ಇದೇ ಅರಗನ್ನೇ. ಇದು ಗಟ್ಟಿ, ಆದರೆ ಕೈತಪ್ಪಿ ಬಿದ್ದರೆ ಹೆಂಚಿನಂತೆ ಒಡೆಯುತ್ತದೆ. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತದೆ. ೧೯೪೮ರಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ದೀರ್ಘಗಾನದ ತಟ್ಟೆ ಬಂತು. ಇದರ ವೇಗ ನಿಮಿಷಕ್ಕೆ ೩೩ ೧/೩ ಸುತ್ತು. ಮರುವರ್ಷವೇ ೪೫ ಸುತ್ತಿನ ಪುಟ್ಟ ತಟ್ಟೆಯೂ ಬಂತು. ದೊಡ್ಡ ತಟ್ಟೆಯ ಒಂದು ಮಗ್ಗುಲಿನ ಗೀರು ಒಂದೇ ಒಂದು ಸುರುಳಿ. ಅದನ್ನು ಬಿಚ್ಚಿ ನೆಟ್ಟಗೆ ಹಾಸಿದರೆ ಹೆಚ್ಚುಕಡಮೆ ಅರ್ಧ ಕಿಲೋಮೀಟರು ಉದ್ದವಾದೀತು. ಸೂಜಿಯ ತುದಿ ಆ ದಾರಿಯುದ್ದಕ್ಕೂ ನಡೆಯಬೇಕು. ಗೀರಿನ ಎರಡು ಗೋಡೆಗಳು ಎಲ್ಲೆಲ್ಲಿ ಅಲೆಯಾಗಿವೆಯೋ ಅಲ್ಲಲ್ಲಿ ಸೂಜಿಯೂ ಕಂಪಿಸುತ್ತದೆ. ಆ ಕಂಪನವೇ ವಿದ್ಯುತ್ತಾಗಿ, ವಿದ್ಯುತ್ತು ಧ್ವನಿಯಾಗಿ ನಮ್ಮ ಕಿವಿಗೆ ಬರುತ್ತದೆ. ಇದಿಷ್ಟೇ ರಹಸ್ಯ.

ಇನ್ನು ನನ್ನ ಕಥೆ. ರಜೆಯಲ್ಲಿ ಅಡಿಗೆಯವರೊಡನೆ ಮದುವೆಗಳಿಗೆ ಬಡಿಸಲು ಹೋಗಿ ಸ್ವಲ್ಪ ಹಣ ಕೂಡಿಸಿದ್ದೆ. ಬೆಂಗಳೂರಿನಲ್ಲಿ ಭಾನುವಾರದ ಸಂತೆಯೊಂದರಲ್ಲಿ ಒಬ್ಬ ವ್ಯಾಪಾರಿಯ ಬಳಿ ಪೆಟ್ಟಿಗೆಯಾಕಾರದ ಯಂತ್ರವನ್ನು ಕಂಡೆ. ಥಳಥಳ ಹೊಳೆಯುತ್ತಿತ್ತು. ಅಲ್ಲಿ ವಿದ್ಯುತ್ತಿರಲಿಲ್ಲ. "ಚೆನ್ನಾಗಿ ಹಾಡುತ್ತದೆ" ಎಂಬ ಮಾತನ್ನು ನಂಬಿ ೨,೫೦೦ ರೂಪಾಯಿ ಕೊಟ್ಟೆ. ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತಾಯಿತು! ಮನೆಗೆ ತಂದು, ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಟ್ಟೆ ಹಾಕಿದೆ. ಹಾಡು ಬಂತು, ಆದರೆ ಅದರ ಮೇಲೆ ಉಪ್ಪುಕಾಗದ ಉಜ್ಜಿದಂಥ ಸದ್ದು. ಧೂಳಿರಬಹುದೆಂದು ಮತ್ತೆ ಮತ್ತೆ ಹಾಕಿದೆ. ಅಜ್ಜ ಕೈಚಾಚಿ ನನ್ನ ತೋಳು ಹಿಡಿದು, "ತೆಗೆ, ಸೂಜಿ ತಿಂದುಬಿಟ್ಟಿದೆ" ಎಂದರು. ಅಷ್ಟರಲ್ಲಿ ಆ ತಟ್ಟೆ ಹಾಳಾಗಿತ್ತು. ಸವೆದ ಸೂಜಿಯ ತುದಿ ದುಂಡಗಿರುವುದಿಲ್ಲ. ಎರಡು ಕಡೆ ಚಪ್ಪಟೆಯಾಗಿ ಉಳಿಯಂತೆ ಅಂಚು ಬಂದಿರುತ್ತದೆ. ಅದು ಗೀರಿನ ಗೋಡೆಯನ್ನು ಕೆತ್ತುತ್ತಾ ಹೋಗುತ್ತದೆ. ಹಣ ಹೋದರೆ ಮತ್ತೆ ದುಡಿಯಬಹುದು. ಕೆತ್ತಿಹೋದ ಗೀರು ಮತ್ತೆ ಬಾರದು. ಮೊದಲು ಹೇಳಿದ ತಟ್ಟೆ ಅದಾಗಿರಲಿಲ್ಲವೆಂಬುದೊಂದೇ ಸಮಾಧಾನ.

ನಮ್ಮ ತಂದೆ ಶಾಲೆಗೆ ಹೋದವರಲ್ಲ; ಆದರೆ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಅವರನ್ನು ಮೋಸಗೊಳಿಸಿದವರಿಲ್ಲ. ಮೈಬಣ್ಣಕ್ಕೆ ಮರುಳಾಗದೆ ಹಲ್ಲು ನೋಡುತ್ತಾರೆ, ಗೊರಸು ಎತ್ತುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಯಂತ್ರಕ್ಕೂ ಇದೇ ನ್ಯಾಯ. ನಾನು ಎರಡನೆಯ ಬಾರಿ ಹೊರಟಾಗ ಪಾಲಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಒಂದನೆಯದು, ನಡೆ. ವಿದ್ಯುತ್ತಿಗೆ ಜೋಡಿಸಿ ತಿರುಗಿಸಿ ತೋರಿಸದವರಿಂದ ಕೊಳ್ಳಲೇಬಾರದು. ವೇಗವನ್ನಳೆಯಲು ಬೆಲೆಬಾಳುವ ಉಪಕರಣ ಬೇಕಾಗಿಲ್ಲ. ತಿರುಗುವ ಚಕ್ರದ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಗಡಿಯಾರ ನೋಡುತ್ತಾ ಎಣಿಸಿದರೆ ಸಾಕು. ನಿಮಿಷಕ್ಕೆ ೩೩ ೧/೩ ಸುತ್ತೆಂದರೆ ಮೂರು ನಿಮಿಷಕ್ಕೆ ಸರಿಯಾಗಿ ೧೦೦ ಸುತ್ತು. ೯೯ರಿಂದ ೧೦೧ರ ಒಳಗಿದ್ದರೆ ಬಾಧಕವಿಲ್ಲ. ಅದಕ್ಕಿಂತ ಹೆಚ್ಚುಕಡಮೆಯಾದರೆ ಶ್ರುತಿ ಕೆಡುತ್ತದೆ.

ಎರಡನೆಯದು, ಹುಟ್ಟಿದ ದೇಶ. ಅಮೆರಿಕದಿಂದ ಬಂದ ಯಂತ್ರಗಳು ಕೆಲವು ಸಂತೆಗಳಲ್ಲಿ ಅಗ್ಗವಾಗಿ ಸಿಗುತ್ತವೆ. ಅಲ್ಲಿನ ವಿದ್ಯುತ್ತು ೧೨೦ ವೋಲ್ಟು, ೬೦ ಆವರ್ತ. ನಮ್ಮದು ೨೩೦ ವೋಲ್ಟು, ೫೦ ಆವರ್ತ. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಇಳಿಸುತ್ತದೆಯೇ ಹೊರತು ಆವರ್ತವನ್ನು ಬದಲಿಸದು. ಆವರ್ತವನ್ನೇ ಅನುಸರಿಸುವ ಮೋಟಾರಾದರೆ ೩೩ ೧/೩ರ ಬದಲು ೨೭.೮ ಸುತ್ತು ಮಾತ್ರ ತಿರುಗುತ್ತದೆ. ಶ್ರುತಿ ಸುಮಾರು ಮೂರು ಸ್ವರಸ್ಥಾನ ಕೆಳಗಿಳಿದು, ಪಂಚಮವು ಗಾಂಧಾರದ ಬಳಿ ಹೋಗಿ ನಿಲ್ಲುತ್ತದೆ. ಮೋಟಾರಿನ ರಾಟೆಯನ್ನು ಬದಲಿಸದೆ ಇದು ಸರಿಹೋಗದು. ನೇರವಿದ್ಯುತ್ತಿನ ಮೋಟಾರುಳ್ಳ ಯಂತ್ರಗಳಿಗೆ ಈ ಆವರ್ತದ ತೊಂದರೆಯಿಲ್ಲ.

ಮೂರನೆಯದು, ರಬ್ಬರು. ಕೆಲವು ಯಂತ್ರಗಳಲ್ಲಿ ಮೋಟಾರಿನ ಶಕ್ತಿಯನ್ನು ರಬ್ಬರಿನ ಗಾಲಿ ಸಾಗಿಸುತ್ತದೆ, ಕೆಲವದರಲ್ಲಿ ರಬ್ಬರಿನ ಪಟ್ಟಿ. ವರ್ಷಗಟ್ಟಲೆ ನಿಂತ ಗಾಲಿ ಒತ್ತಿದ ಕಡೆ ತಗ್ಗಾಗಿ ಗಡಗಡ ಸದ್ದು ಕೊಡುತ್ತದೆ. ಪಟ್ಟಿ ಸಡಿಲವಾಗಿ ಜಾರುತ್ತದೆ. ಪಟ್ಟಿಯನ್ನು ಬದಲಿಸುವುದು ಸುಲಭ. ಗಾಲಿಯನ್ನು ಹುಡುಕುವುದು ಕಷ್ಟ. ಜಪಾನಿನಲ್ಲಿ ೧೯೭೦ರಿಂದೀಚೆಗೆ ಚಕ್ರವನ್ನು ಮೋಟಾರೇ ನೇರವಾಗಿ ತಿರುಗಿಸುವ ಯಂತ್ರಗಳು ಬಂದವು. ಅವು ಉತ್ತಮ, ಆದರೆ ವಿದ್ಯಾರ್ಥಿಯ ಜೇಬಿಗೆ ದೂರ.

ನಾಲ್ಕನೆಯದು, ತೋಳು. ಸೂಜಿಯನ್ನು ಹೊತ್ತ ತೋಳು ಗಾಳಿ ಊದಿದರೆ ಅಲುಗುವಷ್ಟು ಹಗುರವಾಗಿ ಚಲಿಸಬೇಕು. ಆದರೆ ಬುಡದಲ್ಲಿ ಹಿಡಿದು ಅಲುಗಿಸಿದರೆ ಲೊಡಲೊಡ ಎನ್ನಬಾರದು.

ಐದನೆಯದು, ಮತ್ತು ಮುಖ್ಯವಾದುದು, ಸೂಜಿ. ಭೂತಗನ್ನಡಿಯಲ್ಲಿ ನೋಡಬೇಕು. ನೋಡಿ ತಿಳಿಯದಿದ್ದರೆ ಸವೆದಿದೆಯೆಂದೇ ಭಾವಿಸಿ, ಹೊಸ ಸೂಜಿಯ ಬೆಲೆಯನ್ನು ಯಂತ್ರದ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ವಜ್ರದ ತುದಿಯ ಸೂಜಿ ೫೦೦ರಿಂದ ೧,೦೦೦ ಗಂಟೆ ಬಾಳುತ್ತದೆ. ಸೂಜಿಯನ್ನು ಹಿಡಿಯುವ ಭಾಗದಲ್ಲಿಯೂ ಎರಡು ಬಗೆ. ಹಳೆಯ ಪೆಟ್ಟಿಗೆ ಯಂತ್ರಗಳಲ್ಲಿರುವ ಹರಳಿನ ಬಗೆ ತಟ್ಟೆಯ ಮೇಲೆ ಐದಾರು ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಭಾರ ಹಾಕುತ್ತದೆ. ಅಯಸ್ಕಾಂತದ ಬಗೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಗ್ರಾಂ ಸಾಕು. ತಟ್ಟೆ ಕಡಮೆ ಸವೆಯುತ್ತದೆ. ಆದರೆ ಇದರಿಂದ ಹೊರಡುವ ವಿದ್ಯುತ್ತು ಕೆಲವೇ ಮಿಲಿವೋಲ್ಟು. ಅಲ್ಲದೆ ತಟ್ಟೆಯನ್ನು ಕೊರೆಯುವಾಗ ಮಂದ್ರಧ್ವನಿಯನ್ನು ತಗ್ಗಿಸಿ, ತಾರಧ್ವನಿಯನ್ನು ಏರಿಸಿರುತ್ತಾರೆ. ಮಂದ್ರವನ್ನು ಇದ್ದಂತೆಯೇ ಕೊರೆದರೆ ಗೀರು ಅಗಲವಾಗಿ ತಟ್ಟೆಯಲ್ಲಿ ಸ್ಥಳ ಸಾಲದು. ಇದಕ್ಕೊಂದು ಸಮಾನ ಕ್ರಮವು ೧೯೫೪ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಕೇಳುವಾಗ ಅದನ್ನು ತಿರುಗುಮುರುಗಾಗಿಸಲು 'ಫೋನೋ' ಎಂಬ ಪುಟ್ಟ ವರ್ಧಕ ಬೇಕು. ಅದಿಲ್ಲದೆ ಜೋಡಿಸಿ, ಧ್ವನಿ ಕ್ಷೀಣವೆಂದು ಯಂತ್ರವನ್ನು ಬಯ್ಯುವವರುಂಟು.

೭೮ ಸುತ್ತಿನ ತಟ್ಟೆಗಳಿಗೆ ಮತ್ತೊಂದು ಎಚ್ಚರಿಕೆ. ಅವುಗಳ ಗೀರು ಅಗಲ. ಅದಕ್ಕೆ ತಕ್ಕ ಸೂಜಿಯ ತುದಿ ವಿನೈಲಿನ ಸೂಜಿಗಿಂತ ಸುಮಾರು ನಾಲ್ಕು ಪಟ್ಟು ದಪ್ಪ. ಸಣ್ಣ ಸೂಜಿ ಹಾಕಿದರೆ ಗೀರಿನ ತಳದಲ್ಲಿ ಓಡಿ ಕರಕರ ಎನ್ನುತ್ತದೆ. ದಪ್ಪ ಸೂಜಿಯನ್ನು ವಿನೈಲಿಗೆ ಹಾಕಿದರೆ ಗೀರೇ ಹಾಳು. ಹಾಗೆಯೇ ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದಿಗೂ ಒರೆಸಬಾರದು. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಕರಗಿಸುವುದು ಅದರಲ್ಲಿಯೇ! ಬಟ್ಟಿಯಿಳಿಸಿದ ನೀರು, ಮೆತ್ತನೆಯ ಬಟ್ಟೆ, ಇಷ್ಟು ಸಾಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನಿಲ್ಲಿಸಿಡಬೇಕು.

ಇಷ್ಟೆಲ್ಲ ತೊಂದರೆ ಏಕೆ, ಮೊಬೈಲಿನಲ್ಲಿ ಹಾಡು ಸಿಗುವುದಿಲ್ಲವೆ, ಎಂದು ಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆಯೆ. ಅದರಲ್ಲಿ ಕರಕರ ಸದ್ದಿಲ್ಲ, ಸವೆತವಿಲ್ಲ. ತಟ್ಟೆಯೇ ಶ್ರೇಷ್ಠವೆಂದು ನಾನು ವಾದಿಸಲಾರೆ. ಅಮೆರಿಕದಲ್ಲಿ ೨೦೨೨ರಲ್ಲಿ ವಿನೈಲ್ ತಟ್ಟೆಗಳು ಸಂಖ್ಯೆಯಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ಮಾರಾಟವಾದುವು. ೧೯೮೭ರಿಂದೀಚೆಗೆ ಹೀಗಾದುದು ಅದೇ ಮೊದಲು. ಆದರೆ ಅವರು ಕೊಳ್ಳುತ್ತಾರೆಂದು ನಾವು ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ತಟ್ಟೆಗಳಿಲ್ಲದವನು ಬರಿಯ ಶೋಕಿಗಾಗಿ ಈ ಗೊಡವೆಗೆ ಹೋಗದಿರುವುದೇ ಲೇಸು. ಮೊಬೈಲಿನಲ್ಲಿ ಸಿಗದಿರುವುದೂ ಬಹಳವಿದೆ. ಹಳ್ಳಿಯ ಅಟ್ಟಗಳಲ್ಲಿರುವ ನಾಟಕದ ಹಾಡು, ಹರಿಕಥೆ, ಹಾಸ್ಯಪ್ರಸಂಗಗಳ ತಟ್ಟೆಗಳಲ್ಲಿ ಎಷ್ಟೋ ಬೇರೆಲ್ಲಿಯೂ ದೊರೆಯಲಾರವು. ಒಮ್ಮೆ ಸರಿಯಾದ ಸೂಜಿಯಿಂದ ನುಡಿಸಿ ಮೊಬೈಲಿಗೆ ಮುದ್ರಿಸಿಕೊಂಡರೆ ಅವು ಉಳಿದುಕೊಂಡಾವು. ತಪ್ಪು ಸೂಜಿಯಿಂದ ನುಡಿಸಿದರೆ ನಾವೇ ಅವನ್ನು ಅಳಿಸಿದಂತೆ.

ಎರಡನೆಯ ಯಂತ್ರವನ್ನು ಆರು ತಿಂಗಳು ಕಾದು ಕೊಂಡೆ. ೧೦೦ ಸುತ್ತು ಎಣಿಸಿಯೇ ಕೊಂಡೆ. ಮೈಮೇಲೆ ಗೀರುಗಳಿವೆ, ಮುಚ್ಚಳ ಒಡೆದಿದೆ. ನಡೆ ಮಾತ್ರ ಶುದ್ಧ. ಯಂತ್ರಕ್ಕೆ ೫,೫೦೦ ರೂಪಾಯಿ, ಹೊಸ ಸೂಜಿಗೆ ೧,೨೦೦. ದೀಪಾವಳಿಯ ರಜೆಯಲ್ಲಿ ಅದನ್ನು ಜಗಲಿಯ ಮೇಲಿಟ್ಟೆವು. ಈ ಸಲ ನಾನು ತಟ್ಟೆ ಹಾಕಲಿಲ್ಲ, ಅಜ್ಜನೇ ಹಾಕಿದರು. ಕಣ್ಣು ಕಾಣದಿದ್ದರೂ ಬೆರಳಿನಿಂದ ಅಂಚನ್ನು ಸವರಿ, ಸೂಜಿಯನ್ನು ಸರಿಯಾದ ಜಾಗಕ್ಕೆ ಇಳಿಸಿದರು. ಎರಡನೆಯ ಚರಣ ಬಂತು. ಟಕ್ ಟಕ್ ಎಂದಿತು. ಹೊಲದಿಂದ ಆಗತಾನೆ ಬಂದು ನಿಂತಿದ್ದ ನಮ್ಮಪ್ಪನ ಕಡೆ ತಿರುಗಿ ಅಜ್ಜ, "ಕೇಳಿದೆಯೇನೋ, ನಿನ್ನ ಕೆಲಸ" ಎಂದರು.

ಮಿತ್ರರೆ, ಈ ರಜೆಯಲ್ಲಿ ನಿಮ್ಮ ಊರುಗಳಿಗೆ ಹೋದಾಗ ಒಮ್ಮೆ ಅಟ್ಟ ಹತ್ತಿ ನೋಡಿ. ತಟ್ಟೆಗಳು ಸಿಕ್ಕಿದರೆ ಅವಸರಪಡಬೇಡಿ. ಮೊದಲು ಸೂಜಿಯನ್ನು ನೋಡಿ.