ಗೆದ್ದ ಕೋಚ್ ಉಳೀತಾರಾ, ಹೋಗ್ತಾರಾ?

ಡಿಸೆಂಬರ್ ಬಂತು ಅಂದ್ರೆ ಸಾಕು, ಅಮೆರಿಕದ ಕ್ರೀಡಾ ಚಾನಲ್‌ಗಳಲ್ಲಿ ಒಂದೇ ಚರ್ಚೆ. ಇಂಥ ಕಾಲೇಜಿನ ಫುಟ್‌ಬಾಲ್ ಕೋಚ್ ಕಾಲೇಜು ಬಿಟ್ಟು ವೃತ್ತಿಪರ ತಂಡಕ್ಕೆ ಹೋಗ್ತಾರಂತೆ, ನಿಜವಾ? ಕೋಚ್ ಕ್ಯಾಮೆರಾ ಮುಂದೆ ಬಂದು ಇಲ್ಲವೇ ಇಲ್ಲ ಅಂತಾರೆ. ಎರಡು ವಾರ ಕಳೆಯೋದ್ರೊಳಗೆ ಹೊಸ ತಂಡದ ಟೋಪಿ ಹಾಕ್ಕೊಂಡು ಫೋಟೋಗೆ ನಿಂತಿರ್ತಾರೆ. ಪಕ್ಷ ಬಿಡುವ ಹಿಂದಿನ ದಿನ ನಮ್ಮ ಶಾಸಕರು "ನಾನು ಪಕ್ಷದ ನಿಷ್ಠಾವಂತ ಕಾರ್ಯಕರ್ತ" ಅಂತಾರಲ್ಲ, ಹೆಚ್ಚುಕಡಿಮೆ ಅದೇ ಭಾಷೆ.

ಅಮೆರಿಕದ ಕೋಚ್ ಎಲ್ಲಿಗೆ ಹೋದ್ರೆ ನಮಗೇನು ಅಂತ ನೀವು ಕೇಳಬಹುದು. ನಿಮ್ಮ ಮಗನೋ, ತಂಗಿಯ ಮಗಳೋ ಅಲ್ಲಿನ ಯಾವುದಾದ್ರೂ ದೊಡ್ಡ ಯೂನಿವರ್ಸಿಟಿಯಲ್ಲಿ ಓದ್ತಿದ್ರೆ ಶನಿವಾರ ಫೋನ್ ಮಾಡಿ ನೋಡಿ. ಫುಟ್‌ಬಾಲ್ ಮ್ಯಾಚ್ ಇದೆ, ಆಮೇಲೆ ಮಾತಾಡ್ತೀನಿ ಅಂತಾರೆ. ಅಷ್ಟು ಮಾತ್ರ ಅಲ್ಲ. ತಾನು ಕಟ್ಟಿದ ಮನೆಯನ್ನು ಗೆದ್ದ ಮನುಷ್ಯ ಯಾಕೆ ಬಿಟ್ಟು ಹೋಗ್ತಾನೆ, ಹೋದಾಗ ಬೆಲೆ ಯಾರು ಕಟ್ತಾರೆ ಅನ್ನೋ ಪ್ರಶ್ನೆ ಇದರೊಳಗಿದೆ.

ಮೊದಲು ಆಟ ಯಾವುದು ಅಂತ ಸ್ಪಷ್ಟ ಮಾಡ್ಕೊಳ್ಳೋಣ. ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಪ್ರತಿ ತಂಡದಲ್ಲೂ 11 ಜನ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗ್ಬೇಕು, ಇಲ್ಲಾಂದ್ರೆ ಚೆಂಡು ಎದುರಾಳಿಗೆ. ಶನಿವಾರ ಕಾಲೇಜುಗಳ ಆಟ, ಭಾನುವಾರ 32 ತಂಡಗಳ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಆಟ.

ಕಾಲೇಜು ಅಂದ ತಕ್ಷಣ ನಮ್ಮ ಇಂಟರ್ ಕಾಲೇಜು ಪಂದ್ಯಾವಳಿ ನೆನಪಿಸಿಕೊಳ್ಳಬೇಡಿ. ಮಿಷಿಗನ್ ಯೂನಿವರ್ಸಿಟಿಯ ಮೈದಾನದಲ್ಲಿ 1 ಲಕ್ಷ 7 ಸಾವಿರಕ್ಕೂ ಹೆಚ್ಚು ಜನ ಕೂರ್ತಾರೆ. ಎನ್‌ಎಫ್‌ಎಲ್‌ನ ಯಾವ ಮೈದಾನವೂ ಅಷ್ಟು ದೊಡ್ಡದಲ್ಲ. ಅಲ್ಲಿನ ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳದಲ್ಲಿ ಮೊದಲ ಸ್ಥಾನ ಗವರ್ನರ್‌ಗಲ್ಲ, ಸರ್ಕಾರಿ ಯೂನಿವರ್ಸಿಟಿಯ ಕೋಚ್‌ಗೆ. ಅಲಬಾಮಾದ ನಿಕ್ ಸಬನ್ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ 1 ಕೋಟಿ ಡಾಲರ್ ದಾಟಿದ್ರು. ಟೆಕ್ಸಾಸ್ ಎ ಆ್ಯಂಡ್ ಎಂ ಯೂನಿವರ್ಸಿಟಿ 2023ರ ನವೆಂಬರ್‌ನಲ್ಲಿ ತನ್ನ ಕೋಚ್ ಜಿಂಬೋ ಫಿಷರ್ ಅವರನ್ನು ತೆಗೆದುಹಾಕ್ತು. ಕರಾರಿನ ಪ್ರಕಾರ ಮನೆಗೆ ಕಳಿಸೋದಕ್ಕೇ ಕೊಡಬೇಕಾದ ಹಣ 7 ಕೋಟಿ 50 ಲಕ್ಷ ಡಾಲರ್‌ಗೂ ಹೆಚ್ಚು!

ಅಂದ್ರೆ ಹೋಗೋದು ದುಡ್ಡಿಗಾಗಿ ಅನ್ನೋ ಉತ್ತರ ಅರ್ಧ ಸತ್ಯ. ದುಡ್ಡು ಎರಡೂ ಕಡೆ ಇದೆ. ಎರಡೂ ಕಡೆ ಇಲ್ಲದೇ ಇರೋದು ಅಧಿಕಾರ.

ಕಾಲೇಜಿನಲ್ಲಿ ಕೋಚ್ ಅಂದ್ರೆ ರಾಜ. 17 ವರ್ಷದ ಹುಡುಗನ ಮನೆಗೆ ಹೋಗಿ, ಅವರ ಅಮ್ಮನ ಎದುರು ಸೋಫಾದಲ್ಲಿ ಕೂತು, "ನಿಮ್ಮ ಮಗನನ್ನು ನಾನು ನೋಡ್ಕೋತೀನಿ" ಅಂತ ಮಾತು ಕೊಟ್ಟು ಕರ್ಕೊಂಡು ಬರೋದು ಅವರೇ. ಯಾರು ಆಡಬೇಕು, ಯಾರು ಬೆಂಚಲ್ಲಿ ಕೂರಬೇಕು ಅನ್ನೋದೂ ಅವರ ಮಾತೇ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗೆದ್ದ ಕಾಲೇಜಿಗೆ ಮುಂದಿನ ವರ್ಷ ಇನ್ನೂ ಒಳ್ಳೆಯ ಹುಡುಗರು ಬರ್ತಾರೆ. ಗೆಲುವು ಗೆಲುವನ್ನು ತರುತ್ತೆ.

ಎನ್‌ಎಫ್‌ಎಲ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಡ್ರಾಫ್ಟ್ ಅನ್ನೋ ಪದ್ಧತಿ ಇದೆ. ಕಾಲೇಜು ಮುಗಿಸಿ ಬರುವ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸ್ಕೊಳ್ತವೆ. ಕಳೆದ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್‌ಗೆ ಕೊನೆಯ ಸರದಿ. ಇದರ ಮೇಲೆ ಸಂಬಳದ ಮಿತಿ ಬೇರೆ. ನಮ್ಮ ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡಕ್ಕೂ ಇಷ್ಟೇ ಹಣ ಅಂತ ಇರುತ್ತಲ್ಲ, ಹಾಗೆ. 2024ರಲ್ಲಿ ಆ ಮಿತಿ ಪ್ರತಿ ತಂಡಕ್ಕೆ 25 ಕೋಟಿ 54 ಲಕ್ಷ ಡಾಲರ್. ಯಾರೂ ಬಹಳ ಕಾಲ ಮೇಲೆ ಇರಬಾರದು, ಯಾರೂ ಬಹಳ ಕಾಲ ಕೆಳಗೆ ಇರಬಾರದು ಅಂತಲೇ ಮಾಡಿದ ವ್ಯವಸ್ಥೆ ಇದು. ಮೇಲೆ ಮಾಲೀಕ, ಜನರಲ್ ಮ್ಯಾನೇಜರ್. ಕೆಳಗೆ ಕೋಟಿಗಟ್ಟಲೆ ಸಂಬಳ ಎಣಿಸುವ, ಮದುವೆಯಾಗಿ ಮಕ್ಕಳಿರುವ ಆಟಗಾರರು. ಅವರಿಗೆ ಹಾಸ್ಟೆಲ್ ವಾರ್ಡನ್ ಥರ ಮಾತಾಡೋಕೆ ಆಗಲ್ಲ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಯಂತ್ರ ಅದೇ, ಆದ್ರೆ ಒಳಗೆ ಹಾಕೋ ಕಚ್ಚಾ ವಸ್ತುವನ್ನು ಆರಿಸುವ ಅಧಿಕಾರ ನಿಮ್ಮದಲ್ಲ.

ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ತಿಳೀಬೇಕಾ? ಅರ್ಬನ್ ಮೇಯರ್ ಅವರ ಲೆಕ್ಕ ನೋಡಿ. ಫ್ಲೋರಿಡಾದಲ್ಲಿ ಎರಡು, ಒಹಾಯೊ ಸ್ಟೇಟ್‌ನಲ್ಲಿ ಒಂದು, ಒಟ್ಟು ಮೂರು ರಾಷ್ಟ್ರೀಯ ಪಟ್ಟ. ಒಹಾಯೊ ಸ್ಟೇಟ್‌ನ ಏಳು ವರ್ಷಗಳಲ್ಲಿ ಅವರು ಸೋತದ್ದು ಬರೀ 9 ಪಂದ್ಯ. 2021ರಲ್ಲಿ ಎನ್‌ಎಫ್‌ಎಲ್‌ನ ಜಾಕ್ಸನ್‌ವಿಲ್ ತಂಡಕ್ಕೆ ಹೋದ್ರು. 13 ಪಂದ್ಯಗಳಲ್ಲಿ 11 ಸೋಲು. ಡಿಸೆಂಬರ್ ಮಧ್ಯದಲ್ಲೇ ಕೆಲಸ ಹೋಯ್ತು.

ಸ್ಟೀವ್ ಸ್ಪರಿಯರ್ ಫ್ಲೋರಿಡಾಕ್ಕೆ 1996ರಲ್ಲಿ ಪಟ್ಟ ಗೆದ್ದುಕೊಟ್ಟವರು. 2002ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹೋಗಿ ಎರಡು ವರ್ಷದಲ್ಲಿ 12 ಗೆಲುವು, 20 ಸೋಲು ಕಂಡು ಹೊರಬಂದ್ರು. ಬಾಬಿ ಪೆಟ್ರಿನೊ 2007ರಲ್ಲಿ ಅಟ್ಲಾಂಟಾ ತಂಡವನ್ನು 13 ಪಂದ್ಯಕ್ಕೇ ಬಿಟ್ಟು ಮತ್ತೆ ಕಾಲೇಜಿಗೆ ಓಡಿದ್ರು. ಆಟಗಾರರ ಲಾಕರ್‌ಗಳಲ್ಲಿ ನಾಲ್ಕು ಸಾಲಿನ ಚೀಟಿ ಇಟ್ಟು ಹೋದ್ರು, ಅಷ್ಟೇ.

ಇನ್ನು ಸಬನ್. 2003ರ ಋತುವಿನಲ್ಲಿ ಲೂಸಿಯಾನಾ ಸ್ಟೇಟ್‌ಗೆ ಪಟ್ಟ ಗೆದ್ದುಕೊಟ್ಟು 2005ಕ್ಕೆ ಮಯಾಮಿ ಡಾಲ್ಫಿನ್ಸ್ ಸೇರಿದ್ರು. ಅಲ್ಲಿ ಅವರಿಗೆ ಅಧಿಕಾರ ಇರಲಿಲ್ಲ ಅಂತಲ್ಲ, ಸಾಕಷ್ಟಿತ್ತು. ಆದ್ರೂ ಏನಾಯ್ತು? 2006ರಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ, ಅಂದ್ರೆ ತಂಡದ ಆಟ ನಡೆಸುವ ಜಾಗಕ್ಕೆ, ಡ್ರೂ ಬ್ರೀಸ್ ಬೇಕು ಅಂತ ಸಬನ್ ಬಯಸಿದ್ರು. ಬ್ರೀಸ್ ಭುಜಕ್ಕೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ತಂಡದ ವೈದ್ಯರು ಒಪ್ಪಲಿಲ್ಲ. ಬ್ರೀಸ್ ನ್ಯೂ ಆರ್ಲಿಯನ್ಸ್‌ಗೆ ಹೋದ್ರು, 2010ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ರು. ಮಯಾಮಿಯಲ್ಲಿ ಸಬನ್ ಎರಡು ವರ್ಷದಲ್ಲಿ ಗೆದ್ದದ್ದು 15, ಸೋತದ್ದು 17. ಕಾಲೇಜಿನಲ್ಲಿ ಒಬ್ಬ ಹುಡುಗ ಕೈತಪ್ಪಿದ್ರೆ ಅಷ್ಟೇ ಪ್ರತಿಭೆಯ ಇನ್ನೊಬ್ಬನ ಮನೆಗೆ ಹೋಗಿ ಕೂರಬಹುದಿತ್ತು. ಎನ್‌ಎಫ್‌ಎಲ್‌ನಲ್ಲಿ ಆ ಬಾಗಿಲು ಇಲ್ಲ.

ಮುಂದಿನ ಕಥೆ ಅಮೆರಿಕದಲ್ಲಿ ಮಕ್ಕಳಿಗೂ ಗೊತ್ತು. ಅಲಬಾಮಾದ ಕೋಚ್ ನಾನಾಗಲ್ಲ ಅಂತ 2006ರ ಡಿಸೆಂಬರ್ 21ರಂದು ಸಬನ್ ಖಡಾಖಂಡಿತವಾಗಿ ಹೇಳಿದ್ರು. 2007ರ ಜನವರಿ 3ಕ್ಕೆ ಅಲಬಾಮಾ ಒಪ್ಪಿಕೊಂಡ್ರು. 8 ವರ್ಷಕ್ಕೆ 3 ಕೋಟಿ 20 ಲಕ್ಷ ಡಾಲರ್. ಅಲ್ಲಿ ಆರು ರಾಷ್ಟ್ರೀಯ ಪಟ್ಟ ಗೆದ್ರು. ಪ್ರತಿ ವರ್ಷ ಎನ್‌ಎಫ್‌ಎಲ್‌ಗೆ ಹೋಗ್ತಾರೆ ಅಂತ ಸುದ್ದಿ ಹಬ್ಬಿದ್ರೂ ಮತ್ತೆ ಆ ಕಡೆ ಹೋಗಲಿಲ್ಲ. ತಾನು ಎಲ್ಲಿ ರಾಜ ಅಂತ ಅವರಿಗೆ ಗೊತ್ತಾಗಿತ್ತು.

ಹಾಗಾದ್ರೆ ಯಾರೂ ಗೆಲ್ಲಲ್ವಾ? ಗೆದ್ದವರಿದ್ದಾರೆ. ಜಿಮ್ಮಿ ಜಾನ್ಸನ್ 1989ರಲ್ಲಿ ಮಯಾಮಿ ಯೂನಿವರ್ಸಿಟಿಯಿಂದ ಡಲ್ಲಾಸ್ ಕೌಬಾಯ್ಸ್‌ಗೆ ಹೋದ್ರು. ಮೊದಲ ವರ್ಷ 1 ಗೆಲುವು, 15 ಸೋಲು! ಆದ್ರೆ ಅದೇ ವರ್ಷ ತಂಡದ ದೊಡ್ಡ ತಾರೆ ಹರ್ಷಲ್ ವಾಕರ್ ಅವರನ್ನು ಮಿನೆಸೊಟಾಗೆ ಬಿಟ್ಟುಕೊಟ್ಟು, ಬದಲಿಗೆ ಡ್ರಾಫ್ಟ್ ಸರದಿಗಳ ರಾಶಿಯನ್ನೇ ತಗೊಂಡ್ರು. ಇಲ್ಲಿ ಮನೆಮನೆಗೆ ಹೋಗಿ ಹುಡುಗರನ್ನು ಕರೆತರೋಕೆ ಆಗಲ್ಲ, ಡ್ರಾಫ್ಟ್ ಸರದಿಯೇ ಇಲ್ಲಿನ ಬಂಡವಾಳ ಅಂತ ಅರ್ಥಮಾಡ್ಕೊಂಡ್ರು. 1992 ಮತ್ತು 1993ರ ಋತುಗಳಲ್ಲಿ ಬೆನ್ನುಬೆನ್ನಿಗೆ ಸೂಪರ್ ಬೌಲ್.

ಪೀಟ್ ಕ್ಯಾರೊಲ್ ಯುಎಸ್‌ಸಿ, ಅಂದ್ರೆ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಬರೋ ಮುಂಚೆ ಎರಡು ಎನ್‌ಎಫ್‌ಎಲ್ ತಂಡಗಳ ಮುಖ್ಯ ಕೋಚ್ ಆಗಿ ಕೆಲಸ ಕಳ್ಕೊಂಡಿದ್ದವರು. ಆ ಪೆಟ್ಟಿನ ಪಾಠ ಇಟ್ಟುಕೊಂಡು 2010ರಲ್ಲಿ ಸಿಯಾಟಲ್‌ಗೆ ಹೋದ್ರು, 2014ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಎತ್ತಿದ್ರು. ಜಿಮ್ ಹಾರ್ಬಾ ಸ್ವತಃ ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಸೂಪರ್ ಬೌಲ್‌ವರೆಗೆ ಕೊಂಡೊಯ್ದವರು. ಮಿಷಿಗನ್ ಕೋಚ್ ಆಗಿ 2024ರ ಜನವರಿ 8ರಂದು ರಾಷ್ಟ್ರೀಯ ಪಟ್ಟ ಗೆದ್ರು. ಆ ಋತುವಿನಲ್ಲಿ ತಂಡ 15ಕ್ಕೆ 15 ಗೆದ್ದಿತ್ತು. ಜನವರಿ 24ಕ್ಕೆ ಲಾಸ್ ಏಂಜಲೀಸ್ ಚಾರ್ಜರ್ಸ್ ಕೋಚ್. ಹಿಂದಿನ ವರ್ಷ 5 ಗೆದ್ದು 12 ಸೋತಿದ್ದ ತಂಡ ಅವರ ಮೊದಲ ವರ್ಷವೇ 11 ಗೆದ್ದು 6 ಸೋತಿತು. ಆ ಜಗತ್ತಿನ ರೀತಿ ಮೊದಲೇ ಗೊತ್ತಿದ್ದವರು, ಇಲ್ಲವೇ ಬೇಗ ಕಲಿತವರು ಉಳ್ಕೊಂಡ್ರು. ಕಾಲೇಜಿನ ಕಿರೀಟ ತಲೆಮೇಲೆ ಇಟ್ಕೊಂಡೇ ಹೋದವರು ಬಿದ್ರು.

ಈಗ ಲೆಕ್ಕ ಇನ್ನೂ ಬದಲಾಗ್ತಿದೆ. ಕಾಲೇಜಿನ ಸಿಂಹಾಸನವೇ ಅಲುಗಾಡ್ತಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸುವ ಜಾಹೀರಾತಿಗೆ ಹಣ ಪಡೆಯಬಹುದು. ಅದೇ ವರ್ಷದಿಂದ ಒಂದು ವರ್ಷ ಆಡದೇ ಕೂರಬೇಕಾದ ಶಿಕ್ಷೆ ಇಲ್ಲದೆ ಒಮ್ಮೆ ಕಾಲೇಜು ಬದಲಾಯಿಸಬಹುದು ಅಂತ ಆಯ್ತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಕೋಚ್ ಈಗ ಹೊಸ ಹುಡುಗನನ್ನು ತರೋದಷ್ಟೇ ಅಲ್ಲ, ಇರೋ ಹುಡುಗನನ್ನೂ ಪ್ರತಿ ವರ್ಷ ಒಲಿಸ್ಕೋಬೇಕು.

ಇದರ ಪರಿಣಾಮ ಕಣ್ಣೆದುರಿಗಿದೆ. ಬೋಸ್ಟನ್ ಕಾಲೇಜಿನ ಮುಖ್ಯ ಕೋಚ್ ಜೆಫ್ ಹಾಫ್ಲಿ 2024ರಲ್ಲಿ ಆ ಹುದ್ದೆ ಬಿಟ್ಟು ಎನ್‌ಎಫ್‌ಎಲ್‌ನ ಗ್ರೀನ್ ಬೇ ತಂಡಕ್ಕೆ ಹೋದ್ರು. ಅಲ್ಲಿ ಮುಖ್ಯ ಕೋಚ್ ಆಗಿ ಅಲ್ಲ, ರಕ್ಷಣಾ ವಿಭಾಗ ನೋಡಿಕೊಳ್ಳುವ ಸಹಾಯಕರಾಗಿ! ಅದೇ ವರ್ಷ ನಿವೃತ್ತರಾದ ಸಬನ್ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಸಂಸದರ ಎದುರು ಕೂತು, ತಾನು ಇಷ್ಟು ವರ್ಷ ನಂಬಿದ್ದ ಮೌಲ್ಯಗಳು ಕಾಲೇಜು ಕ್ರೀಡೆಯಲ್ಲಿ ಉಳಿದಿಲ್ಲ ಅನ್ನೋ ಅರ್ಥದಲ್ಲಿ ಬೇಸರ ತೋಡಿಕೊಂಡ್ರು.

ಆ ಬೇಸರ ನಿಜ ಇರಬಹುದು. ಆದ್ರೆ ನಾಣ್ಯದ ಇನ್ನೊಂದು ಮುಖ ನೋಡಲೇಬೇಕು. ದಶಕಗಳ ಕಾಲ ನಿಯಮ ಹೇಗಿತ್ತು? ಕೋಚ್ ಬೆಳಗಾಗುವುದರೊಳಗೆ ಹೊರಟು ಹೋಗಬಹುದು, ಮರುದಿನವೇ ಹೊಸ ಕಡೆ ಕೆಲಸ ಶುರು. ಅವರ ಮಾತು ನಂಬಿ ಬಂದ ಹುಡುಗ ಕಾಲೇಜು ಬಿಟ್ಟರೆ ಮಾತ್ರ ಒಂದು ವರ್ಷ ಆಟವಿಲ್ಲ. ಕೋಟಿ ಸಂಬಳದವರಿಗೆ ಸ್ವಾತಂತ್ರ್ಯ, ಸ್ಕಾಲರ್‌ಶಿಪ್‌ನಲ್ಲಿ ಓದುವವನಿಗೆ ನಿಯಮ.

ಯುಎಸ್‌ಸಿಯಲ್ಲಿ ಏನಾಯ್ತು ನೋಡಿ. ಕ್ಯಾರೊಲ್ 2010ರ ಜನವರಿಯಲ್ಲಿ ಹೋದ್ರು. ಜೂನ್‌ನಲ್ಲಿ ಕಾಲೇಜು ಕ್ರೀಡೆಯ ಸಂಸ್ಥೆ ಎನ್‌ಸಿಎಎ, ಹಳೆಯ ಆಟಗಾರನೊಬ್ಬ ನಿಯಮ ಮೀರಿ ಪಡೆದ ಸೌಲಭ್ಯಗಳಿಗಾಗಿ ಕಾಲೇಜಿಗೆ ಶಿಕ್ಷೆ ಕೊಡ್ತು. ಎರಡು ವರ್ಷ ಋತುವಿನ ಕೊನೆಯ ಬೌಲ್ ಪಂದ್ಯಗಳಿಗೆ ನಿಷೇಧ, 30 ಸ್ಕಾಲರ್‌ಶಿಪ್ ಕಡಿತ. ಪ್ರಕರಣ ನಡೆದಾಗ ಶಾಲೆಯಲ್ಲಿದ್ದ ಹುಡುಗರು ಆ ಶಿಕ್ಷೆ ಉಂಡ್ರು. ಕೋಚ್ ಅಷ್ಟೊತ್ತಿಗೆ ಸಿಯಾಟಲ್‌ನಲ್ಲಿದ್ರು. ಹಾರ್ಬಾ ವಿಷಯವೂ ಅಷ್ಟೇ. 2023ರ ಋತುವಿನಲ್ಲೇ ಎರಡು ಬೇರೆ ಬೇರೆ ಕಾರಣಕ್ಕೆ ಮೂರು ಮತ್ತು ಮೂರು, ಒಟ್ಟು ಆರು ಪಂದ್ಯ ಅಮಾನತಾಗಿದ್ರು. 2024ರ ಆಗಸ್ಟ್‌ನಲ್ಲಿ ಎನ್‌ಸಿಎಎ ಅವರ ಮೇಲೆ ನಾಲ್ಕು ವರ್ಷದ ನಿರ್ಬಂಧ ಹಾಕ್ತು. ಅದು ಕಾಲೇಜುಗಳಿಗೆ ಮಾತ್ರ. ಎನ್‌ಎಫ್‌ಎಲ್ ಕೋಚ್‌ಗೆ ಅದರಿಂದ ಏನೂ ಆಗಲ್ಲ.

ಹಾಗಂತ ಹೋಗೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕೆಲಸ ಬದಲಾಯಿಸೋದು ಯಾರದೇ ಹಕ್ಕು. ಆ ಹಕ್ಕು ಹುಡುಗನಿಗೂ ಇರಬೇಕು ಅನ್ನೋದಷ್ಟೇ ಮಾತು. ಈಗಿನ ಹುಡುಗರಿಗೆ ನಿಷ್ಠೆ ಇಲ್ಲ, ದುಡ್ಡು ಕಂಡ ಕಡೆ ಓಡ್ತಾರೆ ಅಂತ ಬೈಯುವವರು, ಆ ಓಟವನ್ನು ಅವರಿಗೆ ಕಲಿಸಿದವರು ಯಾರು ಅಂತಾನೂ ಕೇಳ್ಕೋಬೇಕು.

ಹಾಗಾದ್ರೆ ಮುಂದಿನ ಡಿಸೆಂಬರ್‌ನಲ್ಲಿ ಯಾರೋ ಒಬ್ಬ ಗೆದ್ದ ಕೋಚ್ ಬಗ್ಗೆ ಸುದ್ದಿ ಬಂದ್ರೆ ಹೇಗೆ ಅಳೆಯೋದು? ಅವರ ಮಾತು ಕೇಳಬೇಡಿ, ಮೂರು ಪ್ರಶ್ನೆ ಕೇಳಿ. ಒಂದು, ಅವರು ಎನ್‌ಎಫ್‌ಎಲ್‌ನಲ್ಲಿ ಮೊದಲು ಆಡಿದ್ದಾರಾ, ಕೆಲಸ ಮಾಡಿದ್ದಾರಾ? ಎರಡು, ಹೊಸ ತಂಡದಲ್ಲಿ ಆಟಗಾರರನ್ನು ಆರಿಸುವವರು ಯಾರು? ಮೂರು, ಈಗಿರೋ ಕಾಲೇಜಿನಲ್ಲಿ ಅವರ ಅಧಿಕಾರ ಬೆಳೀತಿದೆಯಾ, ಕರಗ್ತಿದೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಹೋಗ್ತಾರಾ ಅನ್ನೋದು ಮಾತ್ರ ಅಲ್ಲ, ಹೋದ್ರೆ ಉಳೀತಾರಾ ಅನ್ನೋದೂ ಸುಮಾರಾಗಿ ಗೊತ್ತಾಗುತ್ತೆ.

ನಾಲ್ಕನೇ ಪ್ರಶ್ನೆಯನ್ನು ಯಾವ ಚಾನಲ್ಲೂ ಕೇಳೋದಿಲ್ಲ. ಆ ಸೋಫಾದ ಮೇಲೆ ಕೂತು ಅಮ್ಮನಿಗೆ ಕೊಟ್ಟ ಮಾತಿಗೆ ಇನ್ಮೇಲೆ ಜವಾಬ್ದಾರಿ ಯಾರು?