ಅಲಗಿನ ಬುಡದ ಸಾಕ್ಷ್ಯ

ಹಳೆಯ ಮನೆಗಳ ಮೇಜಿನ ಖಾನೆಯಲ್ಲಿ, ಒಡೆದ ಕನ್ನಡಕ ಹಾಗೂ ಶಾಯಿ ಬತ್ತಿದ ಪೆನ್ನುಗಳ ನಡುವೆ, ಮಡಚುವ ಚಾಕುವೊಂದು ಸಿಗುವುದುಂಟು. ಅದರ ಅಲಗು ಕಪ್ಪಾಗಿರುತ್ತದೆ, ಸಾಣೆಗೆ ಸವೆದು ಕಿರಿದಾಗಿರುತ್ತದೆ. ಬಹುಮಟ್ಟಿಗೆ ಅದು ಗುಜರಿಯ ಪಾಲಾಗುತ್ತದೆ. ಇಲ್ಲವೇ ಮನೆಯ ಉತ್ಸಾಹಿಯೊಬ್ಬರು ಉಪ್ಪುಕಾಗದದಿಂದ ಉಜ್ಜಿ ಅದನ್ನು ಫಳಫಳ ಹೊಳೆಯುವಂತೆ ಮಾಡುತ್ತಾರೆ. ಹಾನಿಯ ದೃಷ್ಟಿಯಿಂದ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಆ ಚಾಕು ಎಲ್ಲಿಯದು, ಯಾವ ಕಾಲದ್ದು ಎಂಬುದನ್ನು ಹೇಳಬಲ್ಲ ಮುಖ್ಯ ಸಾಕ್ಷ್ಯ ಅಲಗಿನ ಬುಡದಲ್ಲಿ, ಕೂದಲೆಳೆಯಷ್ಟು ಆಳದಲ್ಲಿ ಒತ್ತಿದ ಮುದ್ರೆ. ನಾಲ್ಕು ಬಾರಿ ಬಲವಾಗಿ ಉಜ್ಜಿದರೆ ಅದು ಶಾಶ್ವತವಾಗಿ ಅಳಿಸಿಹೋಗುತ್ತದೆ.

ಹಳೆಯ ಚಾಕುಗಳ ಸಂಗ್ರಹವೆಂದರೆ ಬಹುಪಾಲು ಈ ಮುದ್ರೆಗಳನ್ನು ಓದುವ ವಿದ್ಯೆ. ಹಕ್ಕಿಗರಿಯ ಲೇಖನಿಯ ಮೊನೆಯನ್ನು ಹೆರೆಯಲು ಬಳಕೆಯಾಗುತ್ತಿದ್ದುದರಿಂದಲೇ ಪುಟ್ಟ ಚಾಕುವಿಗೆ ‘ಪೆನ್‌ನೈಫ್’ ಎಂಬ ಹೆಸರು ಬಂತು. ಗರಿ ಹೋಗಿ ಲೋಹದ ನಿಬ್ಬು ಬಂದರೂ ಹೆಸರು ಮಾತ್ರ ಉಳಿಯಿತು. ಇಂಗ್ಲೆಂಡಿನ ಶೆಫೀಲ್ಡ್ ಈ ಕಸುಬಿನ ರಾಜಧಾನಿ. 1624ರಲ್ಲಿ ಸಂಸತ್ತಿನ ಶಾಸನದ ಮೂಲಕ ಸ್ಥಾಪನೆಯಾದ ಅಲ್ಲಿನ ಚಾಕು ತಯಾರಕರ ಸಂಘ ಕುಶಲಕರ್ಮಿಗಳಿಗೆ ಪ್ರತ್ಯೇಕ ಗುರುತುಗಳನ್ನು ನೀಡಿ ನೋಂದಾಯಿಸುತ್ತಿತ್ತು. ಜೋಸೆಫ್ ರಾಜರ್ಸ್ ಸಂಸ್ಥೆಯ ಗುರುತು ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ. ಕಲ್ಕತ್ತಾ, ಮುಂಬಯಿಗಳಲ್ಲಿ ಶಾಖೆಗಳಿದ್ದ ಈ ಸಂಸ್ಥೆಯ ಚಾಕುಗಳು ನಮ್ಮ ದೇಶದ ಮನೆಗಳಲ್ಲಿ ಇಂದಿಗೂ ಸಿಗುವುದು ಆಶ್ಚರ್ಯವಲ್ಲ.

ರಾಜರ್ಸ್‌ ಚಾಕುವಿನ ಕಾಲನಿರ್ಣಯ ಒಂದು ಸ್ವಾರಸ್ಯಕರ ಒಗಟು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯ ರಾಜಾಶ್ರಯ ದೊರೆತ ಮೇಲೆ ಸಂಸ್ಥೆ ಕಿರೀಟದೊಡನೆ ದೊರೆಯ ಹೆಸರಿನ ಆದ್ಯಕ್ಷರಗಳನ್ನೂ ಒತ್ತತೊಡಗಿತು. ‘ವಿ.ಆರ್.’ ಎಂದಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901ರ ನಡುವಿನದು. ‘ಡಬ್ಲ್ಯು.ಆರ್.’ ಎಂದಿದ್ದರೆ ಅದಕ್ಕೂ ಹಿಂದಿನ ಏಳು ವರ್ಷಗಳದು. ‘ಜಿ.ಆರ್.’ ಕಂಡಾಗ ಮಾತ್ರ ತೊಡಕು. ಅದು 1830ಕ್ಕೆ ಮುಂಚಿನ ಅಪರೂಪದ ವಸ್ತುವೂ ಆಗಿರಬಹುದು, 1910ರ ನಂತರ ರಾಶಿಗಟ್ಟಲೆ ತಯಾರಾದ ಚಾಕುವೂ ಆಗಿರಬಹುದು. ಆಗ ನೆರವಿಗೆ ಬರುವುದು ‘ಇಂಗ್ಲೆಂಡ್’ ಎಂಬ ಒಂದೇ ಪದ. ಆಮದಾಗುವ ಸರಕಿನ ಮೇಲೆ ಮೂಲದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಸುಂಕ ಕಾನೂನು ವಿಧಿಸಿತು. ಮರುವರ್ಷದಿಂದ ಆ ಪದ ಚಾಕುಗಳ ಮೇಲೆ ಸಾಮಾನ್ಯವಾಗುತ್ತಾ ಬಂತು. ಆ ಪದವಿದ್ದ ‘ಜಿ.ಆರ್.’ ಚಾಕು ಇಪ್ಪತ್ತನೆಯ ಶತಮಾನದ್ದು. ಇಲ್ಲದಿದ್ದರೆ ಹಳೆಯದೇ ಎಂದು ತೀರ್ಮಾನಿಸಲಾಗದು. ಎಲ್ಲ ಚಾಕುಗಳೂ ಅಮೆರಿಕಕ್ಕೆ ಹೋಗಲಿಲ್ಲವಲ್ಲ! ಅಲಗಿನ ಆಕಾರ, ರಿವೆಟ್ಟು, ಉಗುರು ಸಿಕ್ಕಿಸುವ ಗೀರಿನ ರೀತಿ ಎಲ್ಲವನ್ನೂ ಕೂಡಿಸಿ ನೋಡಬೇಕಾಗುತ್ತದೆ.

ಇದಕ್ಕೆ ತುಸು ಮೊದಲು, 1887ರಲ್ಲಿ, ಬ್ರಿಟನ್ನೇ ಅಂಥದೊಂದು ಕಾಯ್ದೆ ತಂದಿತ್ತು. ಜರ್ಮನಿಯ ಸೋಲಿಂಗೆನ್ನಿನಿಂದ ಬಂದ ಚಾಕುಗಳು ಶೆಫೀಲ್ಡಿನ ಹೆಸರು ಹೊತ್ತು ಮಾರಾಟವಾಗುತ್ತಿವೆ ಎಂಬ ದೂರು ಆ ಕಾಯ್ದೆಯ ಹಿಂದಿತ್ತು. ವಿದೇಶಿ ಸರಕನ್ನು ಗುರುತಿಸಿ ಜನ ದೂರವಿಡಲಿ ಎಂಬುದು ಆಶಯ. ಆದದ್ದು ವಿಪರೀತ: ‘ಮೇಡ್ ಇನ್ ಜರ್ಮನಿ’ ಎಂಬುದೇ ಕೆಲವು ದಶಕಗಳಲ್ಲಿ ಗುಣಮಟ್ಟದ ಹೆಗ್ಗುರುತಾಯಿತು. ‘ಸ್ಟೇನ್‌ಲೆಸ್’ ಎಂಬ ಪದವೂ ಕಾಲವನ್ನು ಹೇಳುತ್ತದೆ. ಹ್ಯಾರಿ ಬ್ರೆಯರ್ಲಿ ಶೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದದ್ದು 1913ರಲ್ಲಿ. ಆ ಪದವಿರುವ ಚಾಕುವನ್ನು ವಿಕ್ಟೋರಿಯಾ ಕಾಲದ್ದೆಂದು ಮಾರುವವರನ್ನು ನಂಬಬೇಕಾಗಿಲ್ಲ.

ಮುದ್ರೆಯೂ ಮೋಸ ಮಾಡಬಲ್ಲದು. ಹಳೆಯ ಹೆಸರುಗಳು ಕೈಬದಲಾಗುತ್ತವೆ. ಪರಸ್ಪರ ಸ್ಪರ್ಧಿಗಳಾಗಿದ್ದ ರಾಜರ್ಸ್ ಮತ್ತು ವೊಸ್ಟನ್‌ಹೋಮ್ ಸಂಸ್ಥೆಗಳು 1971ರಲ್ಲಿ ಒಂದಾದವು. ಹೆಸರುಗಳು ಬೇರೆ ಒಡೆಯರ ಕೈಯಲ್ಲಿ ಮುಂದುವರಿದವು. ಹೊಸ ಅಲಗಿಗೆ ಹಳೆಯ ಮುದ್ರೆ ಒತ್ತುವವರೂ, ಎರಡು ಮುರುಕಲು ಚಾಕುಗಳಿಂದ ಒಂದನ್ನು ಜೋಡಿಸುವವರೂ ಇದ್ದಾರೆ. ಅಲಗಿನ ತುಕ್ಕಿನ ಬಣ್ಣ, ಒಳಗಿನ ಹಿತ್ತಾಳೆಯ ಹಾಳೆಯ ಕೊಳೆ, ಹಿಡಿಯ ಸವೆತ ಇವು ಮೂರೂ ಒಂದೇ ವಯಸ್ಸಿನವೆಂದು ಕಂಡರೆ ಮಾತ್ರ ಅನುಭವಿಗಳು ಒಪ್ಪುತ್ತಾರೆ. ಅತಿಯಾದ ಹೊಳಪನ್ನು ಅವರು ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ. ತೆಳುವಾಗಿ ಎಣ್ಣೆ ಹಚ್ಚಿ ಮೃದುವಾದ ಬಟ್ಟೆಯಿಂದ ಒರೆಸುವುದಕ್ಕಿಂತ ಹೆಚ್ಚಿನ ಉಪಚಾರ ಅವರಿಗೆ ಸಮ್ಮತವಲ್ಲ.

ಹಿಡಿಯದು ಬೇರೆಯೇ ಕಥೆ. ಅದರಲ್ಲಿ ನಮ್ಮ ಕಾಡುಗಳೂ ಸೇರಿವೆ. ಶೆಫೀಲ್ಡ್ ಮತ್ತು ಸೋಲಿಂಗೆನ್ ತಯಾರಕರು ಬಹುವಾಗಿ ಮೆಚ್ಚಿದ್ದು ಭಾರತದ ಕಡವೆಯ ಕೊಂಬನ್ನು. ಗಟ್ಟಿಯಾದ, ಒರಟು ತೊಗಟೆಯಂಥ ಆ ಮೇಲ್ಮೈ ಕೈಯಿಂದ ಜಾರುವುದಿಲ್ಲ. ಭಾರತ ಅದರ ರಫ್ತನ್ನು ನಿಲ್ಲಿಸಿದ ಮೇಲೆ ಹಳೆಯ ದಾಸ್ತಾನಿಗೆ ಬೆಲೆ ಏರಿತು. ದಂತದ ಹಿಡಿಯ ಚಾಕುಗಳ ಸಮಸ್ಯೆ ಇನ್ನೂ ಜಟಿಲ. 2018ರಲ್ಲಿ ಅಂಗೀಕಾರವಾಗಿ 2022ರಿಂದ ಜಾರಿಯಲ್ಲಿರುವ ಬ್ರಿಟನ್ನಿನ ದಂತ ಕಾಯ್ದೆಯು 1947ಕ್ಕಿಂತ ಹಿಂದಿನ ವಸ್ತುಗಳಿಗೆ ರಿಯಾಯಿತಿ ಕೊಟ್ಟರೂ ದಂತದ ಪ್ರಮಾಣ ಒಟ್ಟು ಗಾತ್ರದ ಶೇ 10ಕ್ಕಿಂತ ಕಡಿಮೆ ಇರಬೇಕೆನ್ನುತ್ತದೆ. ಚಾಕುವಿನಲ್ಲಿ ಹಿಡಿಯೇ ಅರ್ಧ ಭಾಗ! ಆನೆಗಳ ಉಳಿವಿನ ದೃಷ್ಟಿಯಿಂದ ಈ ಕಾಯ್ದೆ ಸರಿಯೆಂದೇ ನನ್ನ ಅಭಿಪ್ರಾಯ. ಮಾರಲಾಗದ ಚಾಕುವನ್ನು ಜತನದಿಂದ ಕಾಯುವ ಹೊಣೆ ಇನ್ನು ವಸ್ತುಸಂಗ್ರಹಾಲಯಗಳದು. ನಮ್ಮಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಓದದೆ ಇಂಥ ಹಿಡಿಗಳ ಚಾಕುಗಳ ವ್ಯವಹಾರಕ್ಕೆ ಕೈಹಾಕುವುದು ತರವಲ್ಲ. ದಂತವನ್ನು ಅನುಕರಿಸಿದ ಸೆಲ್ಯುಲಾಯ್ಡ್ ಹಿಡಿಗಳದು ಮತ್ತೊಂದು ಬಗೆಯ ಅಪಾಯ. ವರ್ಷಗಳು ಕಳೆದಂತೆ ಅದು ವಿಘಟಿಸಿ ಆಮ್ಲದ ಹಬೆ ಬಿಡುತ್ತದೆ. ಅಂಥದೊಂದು ಚಾಕು ಮುಚ್ಚಿದ ಪೆಟ್ಟಿಗೆಯಲ್ಲಿದ್ದರೆ ಪಕ್ಕದಲ್ಲಿರುವ ಚಾಕುಗಳಿಗೂ ತುಕ್ಕು ಹಿಡಿಯುತ್ತದೆ.

ಇಷ್ಟೆಲ್ಲ ಓದಿದ ಮೇಲೂ ಮುದ್ರೆ ಹೇಳುವುದು ಸಂಸ್ಥೆಯ ಹೆಸರನ್ನು ಮಾತ್ರ. ಚಾಕುವನ್ನು ರೂಪಿಸಿದವರ ಹೆಸರು ಅದರಲ್ಲಿರುವುದು ಅಪರೂಪ. ಶೆಫೀಲ್ಡಿನಲ್ಲಿ ಬಾಡಿಗೆಯ ಪುಟ್ಟ ಕೋಣೆಗಳಲ್ಲಿ ಕುಳಿತು ಸಂಸ್ಥೆಗಳಿಗಾಗಿ ದುಡಿದ ಸ್ವತಂತ್ರ ಕುಶಲಕರ್ಮಿಗಳನ್ನು ‘ಲಿಟ್ಲ್ ಮೆಸ್ಟರ್’ ಎಂದು ಕರೆಯುತ್ತಿದ್ದರು. ಪೋರ್ಚುಗೀಸರಿಂದ ನಮಗೆ ಬಂದ ‘ಮೇಸ್ತ್ರಿ’ಯೂ ಈ ‘ಮೆಸ್ಟರ್’ ಕೂಡ ಒಂದೇ ಲ್ಯಾಟಿನ್ ಮೂಲದ ಪದಗಳು. ಕಾಯಿಸಿ ಬಡಿಯುವವನೊಬ್ಬ, ಸಾಣೆ ಹಿಡಿಯುವವನೊಬ್ಬ, ಹಿಡಿ ಕೂಡಿಸುವವನೊಬ್ಬ. ಸಾಣೆಕಲ್ಲಿನ ಧೂಳು ಶ್ವಾಸಕೋಶ ಸೇರಿ, ಒಣಸಾಣೆ ಹಿಡಿಯುತ್ತಿದ್ದವರಲ್ಲಿ ಎಷ್ಟೋ ಮಂದಿ ನಡುವಯಸ್ಸನ್ನೂ ಕಾಣದೆ ಸಾಯುತ್ತಿದ್ದರು. ಇದನ್ನು ಅಲ್ಲಿನ ವೈದ್ಯ ಕ್ಯಾಲ್ವರ್ಟ್ ಹಾಲೆಂಡ್ 1843ರಲ್ಲಿಯೇ ದಾಖಲಿಸಿದ್ದ.

ಇಂಥ ಹೆಸರುಗಳನ್ನೂ ಕಸುಬಿನ ವಿವರಗಳನ್ನೂ ಉಳಿಸಿದವರಲ್ಲಿ ಪ್ರಮುಖರು 2014ರಲ್ಲಿ ತೀರಿಕೊಂಡ ಕೆನ್ ಹಾಲಿ. ಶೆಫೀಲ್ಡಿನಲ್ಲಿ ಉಪಕರಣಗಳ ವ್ಯಾಪಾರ ಮಾಡುತ್ತಿದ್ದ ಅವರು ಬಾಗಿಲು ಹಾಕುತ್ತಿದ್ದ ಕಾರ್ಖಾನೆಗಳಿಂದ ಉಪಕರಣ, ಚಾಕು, ಬೆಲೆಪಟ್ಟಿಗಳನ್ನೆಲ್ಲ ಕಲೆಹಾಕಿದರು. ಅವರ ಸಂಗ್ರಹ ಈಗ ಅಲ್ಲಿನ ಕೆಲಮ್ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಊರಿನ ಸ್ಟ್ಯಾನ್ ಶಾ 1941ರಲ್ಲಿ ಹದಿಹರೆಯದಲ್ಲೇ ಇಬರ್‌ಸನ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಎಲ್ಲ ಹಂತಗಳನ್ನೂ ಒಬ್ಬರೇ ಮಾಡಬಲ್ಲ ಮೆಸ್ಟರ್ ಆದರು. 2021ರಲ್ಲಿ ಅವರು ತೀರಿಕೊಂಡರು. ಅವರ ಕೈಯ ಚಾಕುವಿಗೆ ಬೇಡಿಕೆ ಸಲ್ಲಿಸಿದವರು ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು.