ಹೊಲದ ಸುಧಾರಣೆ ಎಂದರೇನು?



"ಹೊಲ ಸುಧಾರಿಸಿದ್ದೇನೆ" ಎಂದು ಬಾವಿ ತೋಡಿಸಿದವರೂ ಹೇಳುತ್ತಾರೆ, ಹರಿದ ಒಡ್ಡಿಗೆ ನಾಲ್ಕು ಬುಟ್ಟಿ ಮಣ್ಣು ಹಾಕಿದವರೂ ಹೇಳುತ್ತಾರೆ. ಕಾಯದೆಯ ಲೆಕ್ಕದಲ್ಲಿ ಇವೆರಡೂ ಒಂದೇ ಅಲ್ಲ. ಈ ಭೇದವನ್ನು ತಾವು ತಿಳಿದಿರುವುದು ಒಳ್ಳೆಯದು.

1966ರ ಮಹಾರಾಷ್ಟ್ರ ಜಮೀನು ಮಹಸೂಲು ಸಂಹಿತೆಯ ಎರಡನೆಯ ಕಲಮಿನಲ್ಲಿ ಈ ಶಬ್ದದ ಅರ್ಥವನ್ನು ಕೊಟ್ಟಿದೆ. ಜಮೀನಿನ ಬೆಲೆ ಹೆಚ್ಚಿಸುವ, ಅದಕ್ಕೆ ಒಪ್ಪುವ, ಅದನ್ನು ಹಿಡಿದಿರುವ ಉದ್ದೇಶಕ್ಕೆ ಹೊಂದುವ ಕೆಲಸವೇ ಸುಧಾರಣೆ. ಕೆರೆ, ಬಾವಿ, ಕಾಲುವೆ, ಒಡ್ಡು ಕಟ್ಟುವುದು, ನಿಂತ ನೀರನ್ನು ಬಸಿದು ಹೊರಹಾಕುವುದು, ಗಿಡ ನೆಡುವುದು, ಪಾಳು ಭೂಮಿಯನ್ನು ಸಾಗುವಳಿಗೆ ತರುವುದು, ನೆಲ ಸಮ ಮಾಡುವುದು, ಒಕ್ಕಲುತನಕ್ಕೆ ಬೇಕಾದ ಕಟ್ಟಡ ಕಟ್ಟುವುದು, ಇವೆಲ್ಲ ಅದರಲ್ಲಿ ಸೇರುತ್ತವೆ. ತಾತ್ಕಾಲಿಕ ಬಾವಿ, ರೈತರು ಎಂದಿನಂತೆ ಮಾಡುವ ಸಣ್ಣಪುಟ್ಟ ಕೆಲಸ ಹಾಗೂ ದುರಸ್ತಿ ಸೇರುವುದಿಲ್ಲ.

ಈ ಭೇದದಿಂದ ಪ್ರಯೋಜನವೇನು? ಒಬ್ಬ ರೈತ ತನ್ನ ಹಕ್ಕು ಪೂರ್ಣವೆಂದು ಪ್ರಾಮಾಣಿಕವಾಗಿ ನಂಬಿ ಹೊಲ ಕೊಂಡು, ಬಾವಿ ತೋಡಿಸಿದನೆನ್ನಿ. ಮುಂದೆ ಹೆಚ್ಚಿನ ಹಕ್ಕುಳ್ಳವನೊಬ್ಬ ಬಂದು ಅವನನ್ನು ಬಿಡಿಸುತ್ತಾನೆ. 1882ರ ಸ್ವತ್ತು ಹಸ್ತಾಂತರ ಕಾಯದೆಯ 51ನೆಯ ಕಲಮಿನಂತೆ, ಬಂದವನು ಬಾವಿಯ ಬೆಲೆ ಕಟ್ಟಿಸಿ ಕೊಡಬೇಕು. ಇಲ್ಲವೇ ಬಾವಿಯ ಬೆಲೆ ಹಿಡಿಯದೆ ಹೊಲವನ್ನು ಪೇಟೆ ದರಕ್ಕೆ ಅವನಿಗೇ ಮಾರಬೇಕು. ದುಡಿಮೆ ನೀರುಪಾಲಾಗಬಾರದೆಂಬುದೇ ಇದರ ತಿರುಳು. ಆದ್ದರಿಂದ ಇಂಥ ಕೆಲಸದ ಖರ್ಚಿನ ಪಾವತಿಗಳನ್ನು ಜೋಪಾನವಾಗಿಡಿರಿ.

ಸಂಹಿತೆಯಲ್ಲಿ ಇನ್ನೊಂದು ಮಾತಿದೆ. ಎಲ್ಲಕ್ಕೂ ಮುಖ್ಯವಾದುದು ಅದೇ. ಬೇರೊಬ್ಬರ ವಹಿವಾಟಿನಲ್ಲಿರುವ ಜಮೀನಿನ ಬೆಲೆಯನ್ನು ಗಣನೀಯವಾಗಿ ಕುಗ್ಗಿಸುವ ಕೆಲಸ, ಎಷ್ಟೇ ಹಣ ಸುರಿದಿದ್ದರೂ, ಸುಧಾರಣೆಯೆನಿಸುವುದಿಲ್ಲ.

ಇದನ್ನು ನಮ್ಮ ಕಬ್ಬಿನ ಹೊಲಕ್ಕೆ ಹೊಂದಿಸಿ ನೋಡಿರಿ. ಎರೆಭೂಮಿಗೆ ಅಳತೆ ಮೀರಿ ನೀರು ಹಾಯಿಸಿದರೆ ಅಂತರ್ಜಲ ಮೇಲೇರುತ್ತದೆ. ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಭೂಮಿ ಸವಳು ಹಿಡಿಯುತ್ತದೆ. ಮೇಲಿನ ಹೊಲದ ಹೆಚ್ಚಿನ ನೀರು ತಗ್ಗಿನ ಹೊಲವನ್ನು ಜವಳು ಮಾಡುತ್ತದೆ. ಬಸಿಗಾಲುವೆ ತೋಡಿ ಅದರ ಬಾಯಿಯನ್ನು ನೆರೆಯವನ ಹೊಲಕ್ಕೆ ಬಿಟ್ಟರೆ ನಿಮ್ಮ ಹೊಲ ಒಣಗೀತು, ಅವನ ಹೊಲ ಕೆಟ್ಟೀತು. ಅದನ್ನು ಸುಧಾರಣೆಯೆನ್ನಲು ಬರುವುದಿಲ್ಲ.

ಹಲವರ ಜಮೀನಿಗೆ ಉಪಯೋಗವಾಗುವ ಒಂದೇ ಕೆಲಸವನ್ನು ಪ್ರತಿಯೊಬ್ಬರ ಜಮೀನಿನ ಸುಧಾರಣೆಯೆಂದು ಎಣಿಸಲು ಅದೇ ಸಂಹಿತೆ ದಾರಿಮಾಡಿದೆ. ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ಮೇಲಿನವರು, ತಗ್ಗಿನವರು ಕೂಡಿ ಕುಳಿತು, ಹಳ್ಳದವರೆಗೆ ಒಂದೇ ಬಸಿಗಾಲುವೆಯ ಗೆರೆ ಹಾಕಿಕೊಳ್ಳಿರಿ. ಖರ್ಚು ಹಂಚಿಕೊಳ್ಳಿರಿ, ಮಾತನ್ನು ಕಾಗದಕ್ಕಿಳಿಸಿರಿ. ನೀರನ್ನೂ ಹಿತಮಿತವಾಗಿ ಹಾಯಿಸಿರಿ.

ಸಹಕಾರಿ ಕಾರಖಾನೆ ಒಬ್ಬರಿಂದ ನಿಂತದ್ದಲ್ಲ. ಒಡ್ಡಿನ ಆಚೆಯವನ ಹೊಲವೂ ಹಸಿರಾಗಿದ್ದರೇ ನಮ್ಮ ಸುಧಾರಣೆ ನಿಜವಾದ ಸುಧಾರಣೆ.